ಕಬಿನಿ ನೀರಿನ ಕೆಳಗೊಂದು ರಾಜಧಾನಿ: ರೋಮ್ ಕಾಲದ ಪುಸ್ತಕದಲ್ಲಿ ಸಿಕ್ಕಿದ ಎಚ್.ಡಿ. ಕೋಟೆಯ ಪುನ್ನಾಟ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದಿಕೊಳ್ಳಬಹುದು.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ಹಾಸ್ಟೆಲ್ ರೂಮಲ್ಲಿ ಮಲಗಿಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಒಂದು ಸಣ್ಣ ನೆನಪಿನಿಂದ ಶುರು ಮಾಡೋಣ.

ಪ್ರತಿ ವರ್ಷ ಮುಂಗಾರು ಜೋರಾದ ಕೂಡಲೇ ನಿಮ್ಮ ಮೊಬೈಲಿಗೆ ಒಂದು ಸುದ್ದಿ ಬಂದೇ ಬರುತ್ತೆ. "ಕಬಿನಿ ಜಲಾಶಯ ಭರ್ತಿಗೆ ಕ್ಷಣಗಣನೆ. ಗರಿಷ್ಠ ಮಟ್ಟ 2284 ಅಡಿ." ವಯನಾಡಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ದರೆ ಸಾಕು, ರಾಜ್ಯದ ದೊಡ್ಡ ಜಲಾಶಯಗಳ ಪೈಕಿ ಮೊದಲು ತುಂಬೋದು ಸಾಮಾನ್ಯವಾಗಿ ನಮ್ಮ ಕಬಿನಿಯೇ. ಗೇಟು ತೆಗೀತಾರೆ, ನೀರು ಹಾಲಿನ ಹಾಗೆ ಧುಮುಕುತ್ತೆ, ಜನ ಸೆಲ್ಫಿ ತಗೋತಾರೆ. ನಾವೂ ಖುಷಿಪಡ್ತೀವಿ. ಪಡಲೇಬೇಕು, ಅದು ಅನ್ನದ ನೀರು.

ಆದರೆ ಆ ನೀರಿನ ಕೆಳಗೆ ಏನಿದೆ?

ಕಾಡಿತ್ತು, ಗದ್ದೆ ಇತ್ತು, ಮನೆಗಳಿದ್ದವು. ಜೊತೆಗೆ ಒಂದು ರಾಜಧಾನಿಯೂ ಇತ್ತು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಒಬ್ಬ ರಾಜ ಕೂತು ಆಳಿದ ಪಟ್ಟಣ. ಆ ರಾಜ್ಯದ ಹೆಸರನ್ನೇ ಹೋಲುವ ಒಂದು ಹೆಸರು ಇನ್ನೂ ಹಳೆಯದೊಂದು ಪುಸ್ತಕದಲ್ಲಿದೆ. ಆ ಪುಸ್ತಕ ಬರೆದವನು ನಮ್ಮವನಲ್ಲ. ರೋಮ್ ಚಕ್ರಾಧಿಪತ್ಯದ ಪ್ರಜೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೂತು ಗ್ರೀಕ್ ಭಾಷೆಯಲ್ಲಿ ಬರೆದವನು.

ಇವತ್ತಿನ ಕತೆ ಆ ಊರಿನದು.

ಮೊದಲು ಸಿರಿಯಾಕ್ಕೆ ಹೋಗಿ ಬರೋಣ

ಕೋಟೆಗೆ ಹೋಗೋ ಮೊದಲು ಒಂದು ಸುತ್ತು ಬಳಸಿ ಬರೋಣ. ಸಿರಿಯಾ ದೇಶದ ದಕ್ಷಿಣದಲ್ಲಿ ಸುವೈದಾ ಅಂತ ಒಂದು ಬೆಟ್ಟದ ಪ್ರಾಂತ್ಯ ಇದೆ. ಅಲ್ಲಿರೋರಲ್ಲಿ ಹೆಚ್ಚಿನವರು ದ್ರೂಜ್ ಎಂಬ ಸಣ್ಣ ಧಾರ್ಮಿಕ ಸಮುದಾಯದವರು. ಆ ಬೆಟ್ಟದಲ್ಲಿ ಕನವಾತ್ ಅಂತ ಒಂದು ಊರು. ರೋಮನ್ನರ ಕಾಲದಲ್ಲಿ ಅದು ಕನಾಥ ಎಂಬ ಪಟ್ಟಣ. ಇವತ್ತಿಗೂ ಅಲ್ಲಿ ರೋಮನ್ ದೇವಾಲಯದ ಕಂಬಗಳು ನಿಂತಿವೆ, ಕಪ್ಪು ಕಲ್ಲಿನ ಗೋಡೆಗಳಿವೆ. ದ್ರೂಜರಲ್ಲಿ ಬಹಳಷ್ಟು ಜನ ಈ ಬೆಟ್ಟಕ್ಕೆ ಬಂದು ನೆಲೆಸಿದ್ದು ಹದಿನೆಂಟನೇ ಶತಮಾನದ ಹೊತ್ತಿಗೆ. ಬಂದವರು ಪಾಳುಬಿದ್ದ ಹಳೇ ಊರುಗಳ ನಡುವೆಯೇ ಸಂಸಾರ ಹೂಡಿದರು. ಹಳೇ ಕಲ್ಲನ್ನೇ ಎತ್ತಿ ಗೋಡೆಗೆ ಇಟ್ಟುಕೊಂಡರು.

ಅಂದರೆ ಆ ಕಂಬ ಕಡೆದವರು ಬೇರೆ, ಅದರ ನೆರಳಲ್ಲಿ ಬದುಕ್ತಿರೋರು ಬೇರೆ. ಆದರೂ ಊರು ಈಗ ಇವರದು, ಕಲ್ಲೂ ಇವರದು. ಇದು ಪ್ರಪಂಚದ ಎಲ್ಲ ಹಳೇ ಊರುಗಳಲ್ಲೂ ನಡೆಯೋ ಮಾತು. ಕಟ್ಟಿದವರು ಹೋಗ್ತಾರೆ, ಇನ್ಯಾರೋ ಬರ್ತಾರೆ, ಕಲ್ಲು ಮಾತ್ರ ಅಲ್ಲೇ ಇರುತ್ತೆ.

ನಮ್ಮ ಕಿತ್ತೂರಿನ ಕತೆ ಇದಕ್ಕೆ ಉಲ್ಟಾ. ಇಲ್ಲಿ ಕಲ್ಲು ನೀರಿಗೆ ಹೋಯ್ತು, ಜನ ಚದುರಿಹೋದರು, ಉಳಿದದ್ದು ಹೆಸರು ಮಾತ್ರ.

ಕಿತ್ತೂರು ಅಂದ ತಕ್ಷಣ ರಾಣಿ ಚೆನ್ನಮ್ಮನ ನೆನಪಾಗುತ್ತೆ, ಅಲ್ವಾ? ಅದು ಬೆಳಗಾವಿ ಜಿಲ್ಲೆಯ ಕಿತ್ತೂರು. ನಾನು ಹೇಳ್ತಿರೋದು ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ, ಕಪಿಲಾ ದಡದ ಕಿತ್ತೂರು. ಕಬಿನಿ, ಕಪಿಲಾ ಎರಡೂ ಒಂದೇ ಹೊಳೆಯ ಹೆಸರು. ಶಾಸನಗಳಲ್ಲಿ ಈ ಊರಿನ ಹೆಸರು ಕಿತ್ತಿಪುರ. ಸಂಸ್ಕೃತಕ್ಕೆ ಹೊಂದಿಸಿ ಹೇಳಿದರೆ ಕೀರ್ತಿಪುರ.

ಬೆರಿಲ್ ಸಿಗುವ ಊರು

ಈಗ ಅಲೆಕ್ಸಾಂಡ್ರಿಯಾಕ್ಕೆ ಬನ್ನಿ. ಕ್ರಿ.ಶ. 150ರ ಆಸುಪಾಸು. ಟಾಲೆಮಿ ಎಂಬ ವಿದ್ವಾಂಸ ತನಗೆ ಗೊತ್ತಿದ್ದ ಇಡೀ ಭೂಮಿಯ ನಕ್ಷೆ ಮಾಡೋಕೆ ಹೊರಟ. ಅವನೇನೂ ಇಂಡಿಯಾಕ್ಕೆ ಬಂದು ನೋಡಿದವನಲ್ಲ. ಹಡಗಿನವರು, ವ್ಯಾಪಾರಿಗಳು ಹೇಳಿದ್ದನ್ನು, ಹಿಂದಿನವರು ಬರೆದಿಟ್ಟಿದ್ದನ್ನು ಸೇರಿಸಿ ಊರುಗಳ ಪಟ್ಟಿ ಮಾಡಿದ. ಪ್ರತಿ ಊರಿಗೂ ಅಕ್ಷಾಂಶ, ರೇಖಾಂಶ ಕೊಟ್ಟ. ಈಗ ನಾವು ಲೊಕೇಶನ್ ಕಳಿಸ್ತೀವಲ್ಲ, ಅದರ ಮುತ್ತಜ್ಜ ಅಂದುಕೊಳ್ಳಿ. ಲೆಕ್ಕ ಎಷ್ಟೋ ಕಡೆ ತಪ್ಪಿದೆ. ಅವನ ನಕ್ಷೆಯಲ್ಲಿ ನಮ್ಮ ದಕ್ಷಿಣ ಭಾರತ ಚೂಪಾಗಿ ಇಳಿಯೋದೇ ಇಲ್ಲ, ಅಡ್ಡಕ್ಕೆ ಚಪ್ಪಟೆಯಾಗಿದೆ. ಆದರೆ ಹೆಸರುಗಳು ಸೊಗಸಾಗಿ ಉಳಿದಿವೆ. ಬನೌಸೈ ಅಂದರೆ ಬನವಾಸಿ. ಬದಿಯಮಾಯೋಯ್ ಅಂದರೆ ಬಾದಾಮಿ ಅಂತ ವಿದ್ವಾಂಸರು ಗುರುತಿಸ್ತಾರೆ.

ಆ ಪುಸ್ತಕದ ಏಳನೇ ಭಾಗದಲ್ಲಿ ಕೇರಳದ ಕಡಲ ತೀರದಿಂದ ಒಳನಾಡಿನ ಊರುಗಳ ಒಂದು ಪಟ್ಟಿ ಬರುತ್ತೆ. ಚೇರ ರಾಜನ ರಾಜಧಾನಿ ಕರೂರ ಅದರಲ್ಲಿದೆ. ಅದರ ಹತ್ತಿರದಲ್ಲೇ ಇನ್ನೊಂದು ಹೆಸರು: ಪೌನ್ನಾಟ. ಹೆಚ್ಚಿನ ಊರುಗಳಿಗೆ ಬರೀ ಹೆಸರು, ಅಂಕಿ. ಇದಕ್ಕೆ ಟಾಲೆಮಿ ಒಂದು ಮಾತು ಜಾಸ್ತಿ ಸೇರಿಸಿದ್ದಾನೆ. ಇಲ್ಲಿ ಬೆರಿಲ್ ಸಿಗುತ್ತೆ ಅಂತ.

ಬೆರಿಲ್ ಅಂದರೆ ಏನು? ಒಂದು ಜಾತಿ ಹರಳು. ನಾವು ಪಚ್ಚೆ ಅಂತೀವಲ್ಲ, ಅದೂ ಬೆರಿಲ್ ಜಾತಿಯದೇ. ತಿಳಿ ಸಮುದ್ರದ ನೀರಿನ ಬಣ್ಣದ ಇನ್ನೊಂದು ಬಗೆ ಇದೆ, ಅದನ್ನ ಅಕ್ವಾಮರೀನ್ ಅಂತಾರೆ. ರೋಮಿನ ಶ್ರೀಮಂತರು ಇದಕ್ಕೆ ಮುಗಿಬೀಳ್ತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಪ್ಲಿನಿ ಎಂಬ ಲೇಖಕ ಬೆರಿಲ್ ಬಗ್ಗೆ ಬರೆದಿದ್ದಾನೆ. ಅವನ ಪ್ರಕಾರ ಅದು ಸಿಗೋದು ಇಂಡಿಯಾದಲ್ಲಿ, ಬೇರೆಡೆ ಅಪರೂಪ. ಇಂಡಿಯಾದವರು ಉದ್ದನೆಯ ಬೆರಿಲ್ಲಿಗೆ ತೂತು ಕೊರೆದು ಆನೆಯ ಕೂದಲಲ್ಲಿ ಪೋಣಿಸ್ತಾರೆ ಅಂತಲೂ ಬರೆದಿದ್ದಾನೆ. ಕಬಿನಿ ಹಿನ್ನೀರಿನಲ್ಲಿ ಬೇಸಿಗೆ ಬಂತು ಅಂದರೆ ಆನೆ ಹಿಂಡು ನೋಡೋಕೆ ಜನ ದುಡ್ಡು ಕೊಟ್ಟು ಬರ್ತಾರಲ್ಲ, ಅವರಿಗೆ ಈ ಮಾತು ಹೇಳಬೇಕು.

ಪ್ಲಿನಿ ಇನ್ನೂ ಎರಡು ಮಾತು ಹೇಳ್ತಾನೆ. ಒಂದು, ಇಂಡಿಯಾದವರು ಸಾದಾ ಸ್ಫಟಿಕಕ್ಕೆ ಬಣ್ಣ ಕೊಟ್ಟು ನಕಲಿ ಬೆರಿಲ್ ಮಾಡ್ತಾರೆ ಅಂತ. ಡೂಪ್ಲಿಕೇಟ್ ಮಾಲಿನ ದೂರು ಎರಡು ಸಾವಿರ ವರ್ಷ ಹಳೆಯದು ನೋಡಿ. ಇನ್ನೊಂದು, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಇಂಡಿಯಾಕ್ಕೆ ಹರಿದುಹೋಗ್ತಿದೆ ಅಂತ ಗೊಣಗ್ತಾನೆ. ಆ ದುಡ್ಡು ಎಲ್ಲಿಗೆ ಬಂತು? ದಕ್ಷಿಣ ಭಾರತದ ಮಣ್ಣಿನಲ್ಲಿ ಇವತ್ತಿಗೂ ಸಿಗ್ತಾ ಇದೆ. 1891ರಲ್ಲಿ ನಮ್ಮ ಬೆಂಗಳೂರಿನ ಯಶವಂತಪುರದಲ್ಲೇ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ. ಮೆಟ್ರೋ ಹತ್ತಲು ಯಶವಂತಪುರದಲ್ಲಿ ಇಳಿದಾಗ ಒಮ್ಮೆ ನೆನಪು ಮಾಡ್ಕೊಳ್ಳಿ.

ಆ ಪದದ ಪಯಣ ಇನ್ನೂ ಚೆನ್ನಾಗಿದೆ. ನಮ್ಮ ವಜ್ರ ವೈಡೂರ್ಯದ ವೈಡೂರ್ಯ ಇದೆಯಲ್ಲ, ಅದರ ಪ್ರಾಕೃತ ರೂಪ ವೇಳುರಿಯ. ಅದು ಗ್ರೀಕರ ಬಾಯಲ್ಲಿ ಬೆರಿಲ್ಲೋಸ್ ಆಯ್ತು, ಲ್ಯಾಟಿನ್ನಿನಲ್ಲಿ ಬೆರಿಲ್ಲುಸ್. ಮುಂದೆ ಜರ್ಮನ್ನರು ಕನ್ನಡಕಕ್ಕೆ ಬ್ರಿಲ್ಲೆ ಅಂದದ್ದು ಇದೇ ಪದದಿಂದ, ಮೊದಮೊದಲು ಕನ್ನಡಕಕ್ಕೆ ಇಂಥ ತಿಳಿ ಹರಳು ಬಳಸ್ತಿದ್ದರು ಅಂತ. ಅಂದರೆ ಬರ್ಲಿನ್ನಿನಲ್ಲಿ ಯಾರೋ ಅಜ್ಜ ಕನ್ನಡಕ ಹುಡುಕುವಾಗ ದಕ್ಷಿಣ ಭಾರತದ ಒಂದು ಕಲ್ಲಿನ ಹೆಸರು ಹೇಳ್ತಾ ಇರ್ತಾನೆ!

ಅದು ನಮ್ಮ ಪುನ್ನಾಟವೇನಾ?

ಇಲ್ಲಿ ಸ್ವಲ್ಪ ನಿಧಾನಿಸೋಣ. ವಾಟ್ಸಾಪಲ್ಲಿ ಬರೋ ಇತಿಹಾಸಕ್ಕೂ ನಿಜವಾದ ಇತಿಹಾಸಕ್ಕೂ ವ್ಯತ್ಯಾಸ ಗೊತ್ತಾಗೋದು ಇಂಥ ಜಾಗದಲ್ಲೇ. ಹೆಸರು ಒಂದೇ ಥರ ಇದೆ ಅಂತ ಎದೆ ತಟ್ಟಿಕೊಂಡು ಹೊರಟುಬಿಡಬಾರದು.

ಪುನ್ನಾಟ ಎಂಬ ರಾಜ್ಯ ಇಲ್ಲೇ ಇತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ತಾಮ್ರದ ಹಲಗೆ ಮೇಲೆ ಕೊರೆದ ಶಾಸನಗಳಿವೆ. ಯಳಂದೂರು ಕಡೆಯ ಮಾಂಬಳ್ಳಿಯಲ್ಲಿ ಸಿಕ್ಕ ಒಂದು ಶಾಸನ, ಈಗ ತಮಿಳುನಾಡಿನಲ್ಲಿರುವ ಕೊಮಾರಲಿಂಗಂನಲ್ಲಿ ಸಿಕ್ಕ ಇನ್ನೊಂದು. ಈ ಶಾಸನಗಳಿಂದ ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಹೆಸರುಗಳು ತಿಳಿಯುತ್ತವೆ. ಕಿತ್ತಿಪುರದ ಹೆಸರು ಬರೋದು ರವಿದತ್ತನ ಶಾಸನದಲ್ಲಿ. ಇವರ ಕಾಲ ಸುಮಾರು ಐದು, ಆರನೇ ಶತಮಾನ. ಗಂಗರ ದೊರೆ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗನೇ ಹೆಸರಾಂತ ದುರ್ವಿನೀತ. ಕವಿರಾಜಮಾರ್ಗದಲ್ಲಿ ಕನ್ನಡ ಗದ್ಯ ಬರೆದವರ ಸಾಲಿನಲ್ಲಿ ಒಬ್ಬ ದುರ್ವಿನೀತನ ಹೆಸರು ಬರುತ್ತಲ್ಲ, ಅವನೇ ಈತ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಆ ಲೆಕ್ಕದಲ್ಲಿ ಅವನ ತಾಯಿಯ ತವರು ಎಚ್.ಡಿ. ಕೋಟೆ ಸೀಮೆ. ಮುಂದೆ ದುರ್ವಿನೀತನ ಹೊತ್ತಿಗೆ ಪುನ್ನಾಟ ಗಂಗರ ರಾಜ್ಯದೊಳಗೆ ಸೇರಿಹೋಯ್ತು. ಅಜ್ಜನ ಮನೆ ಮೊಮ್ಮಗನ ಪಾಲಾಯ್ತು.

ಸರಿ, ಟಾಲೆಮಿ ಬರೆದದ್ದು ಕ್ರಿ.ಶ. 150. ನಮಗೆ ಸಿಕ್ಕ ಶಾಸನ ಅದಕ್ಕಿಂತ ಮುನ್ನೂರು ವರ್ಷ ಈಚಿನದು. ನಡುವಿನ ಸೇತುವೆ ಹೆಸರು ಮಾತ್ರ. ಮೈಸೂರಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರಿಂದ ಹಿಡಿದು ಅನೇಕರು ಎರಡೂ ಒಂದೇ ಅಂತ ಒಪ್ಪಿದ್ದಾರೆ. ಆದರೆ ಒಂದು ಎದುರು ವಾದವೂ ಇದೆ. ತಮಿಳುನಾಡಿನ ಕಾಂಗೇಯಂ ಹತ್ತಿರ ಪಡಿಯೂರು ಅಂತ ಊರಿದೆ. ಅಲ್ಲಿ ಹಳೇ ಬೆರಿಲ್ ಗಣಿ ಇತ್ತು. 1819-20ರಲ್ಲಿ ಹೀತ್ ಎಂಬ ಇಂಗ್ಲಿಷರವನು ಅಲ್ಲಿ ಹರಳು ತೆಗೆಸಿದ್ದ. ಅದರ ಹತ್ತಿರದ ಕೊಡುಮಣಲ್‌ನಲ್ಲಿ ಅಗೆದಾಗ ಬೆರಿಲ್ ಮಣಿ ಮಾಡ್ತಿದ್ದ ಕುಶಲಕರ್ಮಿಗಳ ಜಾಗವೇ ಸಿಕ್ಕಿದೆ. ಹಾಗಾಗಿ ಟಾಲೆಮಿ ಹೇಳಿದ ಬೆರಿಲ್ ಊರು ಆ ಕಡೆಯದಿರಬೇಕು ಅಂತ ಕೆಲವರು ಹೇಳ್ತಾರೆ.

ನನಗನ್ನಿಸೋದು ಇಷ್ಟು. ದೂರದ ಹಡಗಿನವನಿಗೆ ಗಣಿ ಯಾವ ಹೊಲದಲ್ಲಿದೆ ಅನ್ನೋದು ಮುಖ್ಯ ಅಲ್ಲ, ಮಾಲು ಯಾವ ಸೀಮೆಯ ಹೆಸರಲ್ಲಿ ಬರುತ್ತೆ ಅನ್ನೋದು ಮುಖ್ಯ. ಮೈಸೂರು ಸಿಲ್ಕ್ ಅಂತೀವಿ, ಹಾಗಂತ ಎಲ್ಲ ಗೂಡೂ ಮೈಸೂರಲ್ಲೇ ಬಿಚ್ಚಿದ್ದಲ್ಲ. ಪುನ್ನಾಟ ಅನ್ನೋದು ಊರಿನ ಹೆಸರಿಗಿಂತ ಸೀಮೆಯ ಹೆಸರಾಗಿತ್ತು. ರವಿದತ್ತನ ಶಾಸನ ಸಿಕ್ಕಿದ್ದು ಆ ತಮಿಳುನಾಡಿನ ಕಡೆಯೇ ಅನ್ನೋದನ್ನೂ ಮರೆಯಬೇಡಿ. ಅಲ್ಲದೆ ಕಬಿನಿ ಕಣಿವೆ ಮೈಸೂರು ಬಯಲಿಂದ ವಯನಾಡಿಗೆ ಏರೋ ಸಹಜ ದಾರಿ. ವಯನಾಡು ದಾಟಿ ಘಟ್ಟ ಇಳಿದರೆ ಮಲಬಾರಿನ ಕಡಲು, ಅಲ್ಲಿಂದ ದಕ್ಷಿಣಕ್ಕೆ ಹೋದರೆ ರೋಮ್ ಜೊತೆ ವ್ಯಾಪಾರ ಮಾಡ್ತಿದ್ದ ಮುಜಿರಿಸ್ ಬಂದರು. ಹರಳು ಸಣ್ಣದು, ಬೆಲೆ ದೊಡ್ಡದು, ಸೊಂಟದ ಚೀಲದಲ್ಲಿ ಕಟ್ಟಿಕೊಂಡು ಕಾಡು ದಾಟಬಹುದು. ಆದ್ದರಿಂದ "ಬಹುಶಃ ನಮ್ಮದೇ" ಅಂತ ಹೇಳೋಣ. "ಖಂಡಿತ ನಮ್ಮದೇ" ಅನ್ನೋಕೆ ಇನ್ನೂ ಸಾಕ್ಷಿ ಬೇಕು.

ಆ ಸಾಕ್ಷಿ ಎಲ್ಲಿ ಸಿಗಬಹುದಿತ್ತು? ರಾಜಧಾನಿಯ ಮಣ್ಣಿನಲ್ಲಿ. ಆ ಮಣ್ಣು ಈಗ ಎಲ್ಲಿದೆ ಅಂತ ನಿಮಗೆ ಗೊತ್ತು.

ಹೆಸರು ಹೊತ್ತುಕೊಂಡು ಹೋದ ಸನ್ಯಾಸಿಗಳು

ಈ ಊರಿನ ಹೆಸರು ಅಲೆಕ್ಸಾಂಡ್ರಿಯಾಕ್ಕೆ ಹೋಗಿದ್ದು ವ್ಯಾಪಾರಿಗಳ ಬಾಯಲ್ಲಿ. ಇನ್ನೊಂದು ದಿಕ್ಕಿಗೂ ಹೋಯ್ತು, ಈ ಸಲ ಬರಿಗಾಲಲ್ಲಿ.

ಜೈನ ಮುನಿಗಳಲ್ಲಿ ಪುನ್ನಾಟ ಸಂಘ ಅಂತ ಒಂದು ಪಂಗಡ ಇತ್ತು. ನಮ್ಮ ಪುನ್ನಾಟ ಸೀಮೆಯಲ್ಲಿ ಹುಟ್ಟಿದ್ದರಿಂದ ಆ ಹೆಸರು. ಈ ಸಂಘದ ಜಿನಸೇನ ಎಂಬ ಮುನಿ ಹರಿವಂಶಪುರಾಣ ಎಂಬ ದೊಡ್ಡ ಸಂಸ್ಕೃತ ಕಾವ್ಯ ಬರೆದ. ಆದಿಪುರಾಣ ಬರೆದ ಜಿನಸೇನ ಬೇರೆ, ಇವರು ಬೇರೆ. ಕಾವ್ಯದ ಕೊನೆಯಲ್ಲಿ ಶಕವರ್ಷ 705 ಅಂತ ಕಾಲ ಕೊಟ್ಟಿದ್ದಾರೆ, ಅಂದರೆ ಕ್ರಿ.ಶ. 783. ಬರೆದ ಜಾಗ ವರ್ಧಮಾನಪುರ. ಅದು ಗುಜರಾತಿನ ವಢವಾಣ ಅಂತ ಹೆಚ್ಚಿನವರು, ಮಧ್ಯಪ್ರದೇಶದ ಬದನಾವರ ಅಂತ ಕೆಲವರು ಹೇಳ್ತಾರೆ. ಎರಡರಲ್ಲಿ ಯಾವುದಾದರೂ ಇಲ್ಲಿಂದ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ.

ಸ್ವಲ್ಪ ಯೋಚನೆ ಮಾಡಿ. ಕೈಯಲ್ಲಿ ನವಿಲುಗರಿಯ ಪಿಂಛ, ಕಮಂಡಲ ಬಿಟ್ಟರೆ ಸ್ವಂತದ್ದು ಅಂತ ಏನೂ ಇಟ್ಟುಕೊಳ್ಳದ ಜನ. ಅವರು ಕಪಿಲಾ ದಡ ಬಿಟ್ಟು ನಡೆದು ನಡೆದು ಅಷ್ಟು ದೂರ ಹೋದರು. ಭಾಷೆ ಬದಲಾಯ್ತು, ಊಟ ಬದಲಾಯ್ತು, ಎಷ್ಟೋ ತಲೆಮಾರು ಕಳೀತು. ಆದರೂ "ನಾವು ಪುನ್ನಾಟದವರು" ಅನ್ನೋದನ್ನ ಬಿಡಲಿಲ್ಲ. ಅದಾದ ಮೇಲೆ ಸುಮಾರು ನೂರೈವತ್ತು ವರ್ಷಕ್ಕೆ, ಕ್ರಿ.ಶ. 931-32ರಲ್ಲಿ, ಅದೇ ವರ್ಧಮಾನಪುರದಲ್ಲಿ ಅದೇ ಸಂಘದ ಹರಿಷೇಣ ಎಂಬ ಮುನಿ ಬೃಹತ್ಕಥಾಕೋಶ ಬರೆದ. ಅದರಲ್ಲಿ ಭದ್ರಬಾಹುವಿನ ಕತೆ ಬರುತ್ತೆ. ಹನ್ನೆರಡು ವರ್ಷದ ಬರಗಾಲ, ಸಂಘ ದಕ್ಷಿಣಕ್ಕೆ ಹೊರಡುತ್ತೆ. ಹೋದದ್ದೆಲ್ಲಿಗೆ? ದಕ್ಷಿಣಾಪಥದ ಪುನ್ನಾಟ ನಾಡಿಗೆ. ಶ್ರವಣಬೆಳಗೊಳದ ಪರಂಪರೆ ಹೇಳುವ ಕತೆ ಸ್ವಲ್ಪ ಬೇರೆ, ಅಲ್ಲಿ ಭದ್ರಬಾಹುವೇ ಕಳ್ವಪ್ಪು ಬೆಟ್ಟಕ್ಕೆ ಬರ್ತಾನೆ. ಅದಿರಲಿ. ಗುಜರಾತಲ್ಲಿ ಕೂತವನೊಬ್ಬ ತನ್ನ ಧರ್ಮದ ದೊಡ್ಡ ವಲಸೆಯ ಕತೆ ಬರೆಯುವಾಗ ಅದರ ಗುರಿ ನಮ್ಮ ಕೋಟೆ ಸೀಮೆ ಅಂತ ಬರೆದನಲ್ಲ, ಅದು ನನಗೆ ಬಹಳ ಹಿಡಿಸಿತು.

ಇಂಥದ್ದೇ ಕೆಲಸ ನಮ್ಮ ಕಣ್ಣೆದುರೇ ಇನ್ನೊಂದು ನಡೆದಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ನೋಡಿ. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಅಲ್ಲಿರೋ ಒಂದು ದೊಡ್ಡ ಮಠದ ಹೆಸರು ಸೆರಾ. ಮೂಲ ಸೆರಾ ಇರೋದು ಟಿಬೆಟಿನ ಲಾಸಾದಲ್ಲಿ. ಊರು ಬಿಡಬೇಕಾಗಿ ಬಂದವರು ಹೆಸರನ್ನು ಹೊತ್ತುಕೊಂಡು ಬಂದು ಜೋಳದ ಹೊಲಗಳ ನಡುವೆ ಇಳಿಸಿದರು. ಒಂದು ಕಾಲದಲ್ಲಿ ಈ ಸೀಮೆಯಿಂದ ಪುನ್ನಾಟ ಅನ್ನೋ ಹೆಸರು ಹೊರಗೆ ಹೋಯ್ತು. ಇನ್ನೊಂದು ಕಾಲದಲ್ಲಿ ಸೆರಾ ಅನ್ನೋ ಹೆಸರು ಒಳಗೆ ಬಂತು. ಗೋಲ್ಡನ್ ಟೆಂಪಲ್ಲಿಗೆ ಅಂತ ಬೈಕ್ ತಗೊಂಡು ಹೋಗ್ತೀರಲ್ಲ, ಮುಂದಿನ ಸಲ ಇದು ನೆನಪಿರಲಿ.

ಪಕ್ಕದ ಸೀಮೆಯ ಚಿಕ್ಕಹನಸೋಗೆಯದೂ ಇದೇ ಜಾತಿಯ ಕತೆ. ಕೆ.ಆರ್. ನಗರದ ಕಡೆಯ, ಕಾವೇರಿ ಬಯಲಿನ ಸಣ್ಣ ಹಳ್ಳಿ. ಒಂದು ಕಾಲಕ್ಕೆ ಅಲ್ಲಿ 64 ಬಸದಿ ಇದ್ದವು ಅಂತ ಶಾಸನ ಹೇಳುತ್ತೆ. ಹನಸೋಗೆ ಬಳಿ ಅಂತಲೇ ಜೈನ ಮುನಿಗಳ ಒಂದು ಶಾಖೆಗೆ ಹೆಸರಾಯ್ತು. ಈಗ ಅಲ್ಲಿ ಕಾಣೋದು ಮುಖ್ಯವಾಗಿ ಆದಿನಾಥನ ಒಂದು ಹಳೇ ತ್ರಿಕೂಟ ಬಸದಿ, ಸುತ್ತ ಗದ್ದೆ. ನಿಂತು ನೋಡಿದರೆ ಕನವಾತಿನ ಕಂಬಗಳ ಕತೆಯೇ ನೆನಪಾಗುತ್ತೆ.

ದೇಕಬ್ಬೆಯ ಕಲ್ಲು

ರಾಜರು, ಮುನಿಗಳು, ವ್ಯಾಪಾರಿಗಳ ವಿಷಯ ಆಯ್ತು. ಈ ಸೀಮೆಯ ಒಬ್ಬ ಹೆಣ್ಣುಮಗಳ ಮಾತೂ ಆಡಬೇಕು. ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಒಂದು ಶಾಸನ ಇದೆ, ಕ್ರಿ.ಶ. 1057ರದು. ಆಗ ಇಲ್ಲಿ ಚೋಳರ ಆಳ್ವಿಕೆ, ಆದರೆ ಶಾಸನ ಕನ್ನಡದ್ದು, ಅದೂ ಪದ್ಯದಲ್ಲಿ. ನುಗುನಾಡಿನ ನಾಯಕ ರವಿಗನ ಮಗಳು ದೇಕಬ್ಬೆ. ಅವಳನ್ನು ನವಿಲೆನಾಡಿನ ಏಚನಿಗೆ ಕೊಟ್ಟಿದ್ದರು. ಏಚ ಒಬ್ಬ ದಾಯಾದಿಯನ್ನು ಕೊಂದ ಕಾರಣಕ್ಕೆ ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳ್ತೀನಿ ಅಂದಳು. ಅಪ್ಪ ಅಮ್ಮ ಬೇಡ ಅಂತ ತಡೆದರು. ಅವಳು ಕೇಳಲಿಲ್ಲ.

ಇದನ್ನ ದೊಡ್ಡ ತ್ಯಾಗ ಅಂತ ಹೊಗಳೋಕೆ ನಾನು ತಯಾರಿಲ್ಲ. ಒಂದು ಹೆಣ್ಣಿನ ಜೀವ ಹೋಗಿದೆ. ಆದರೆ ಆ ಕಲ್ಲಲ್ಲಿ ಮಗಳನ್ನು ತಡೆದ ತಂದೆ ತಾಯಿಯ ಸಂಕಟ ದಾಖಲಾಗಿದೆ ಅನ್ನೋದು ಮುಖ್ಯ. ಸಾವಿರ ವರ್ಷದ ಹಿಂದೆ ಕೋಟೆ ಸೀಮೆಯ ಒಂದು ಮನೆಯಲ್ಲಿ "ಬೇಡ ಮಗಳೇ" ಅಂದ ದನಿ ಅದು. ಅದನ್ನ ಉಳಿಸಿದ್ದು ಒಂದು ಕಲ್ಲು. ನುಗುನಾಡಿನ ಹೆಸರು ಇವತ್ತು ನುಗು ಹೊಳೆಯಲ್ಲಿ, ನುಗು ಜಲಾಶಯದಲ್ಲಿ ಉಳಿದಿದೆ.

ನೀರು ಬಂತು

ಈಗ ನಮ್ಮ ಕಾಲಕ್ಕೆ ಬರೋಣ. ಕಬಿನಿಗೆ ಅಡ್ಡಲಾಗಿ ಬೀಚನಹಳ್ಳಿ, ಬಿದರಹಳ್ಳಿ ನಡುವೆ ಅಣೆಕಟ್ಟು ಕಟ್ಟೋ ಕೆಲಸ 1959ರಲ್ಲಿ ಶುರುವಾಗಿ 1974ರಲ್ಲಿ ಮುಗೀತು. ಸಾಮರ್ಥ್ಯ 19.52 ಟಿಎಂಸಿ. ಮುಳುಗಿದ ನೆಲ ಸುಮಾರು 61 ಚದರ ಕಿಲೋಮೀಟರ್. 22 ಹಳ್ಳಿಗಳು ಮುಳುಗಿದವು. ಆ ಹಳೇ ಕಿತ್ತೂರೂ ಹೋಯ್ತು, ಪುನ್ನಾಟದ ರಾಜಧಾನಿಯ ನೆಲವೂ ಹೋಯ್ತು.

ಆ ಕಾಲದ ಒತ್ತಡ ನಾವು ಅರ್ಥ ಮಾಡ್ಕೋಬೇಕು. ನೀರಾವರಿ ಬೇಕಿತ್ತು. ಕಬಿನಿ ನಾಲೆಯ ನೀರಿಂದ ಎಷ್ಟೋ ಮನೆಯ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಅಣೆಕಟ್ಟು ಕಟ್ಟಲೇಬಾರದಿತ್ತು ಅಂತ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಹೇಳೋದು ಸುಲಭ, ಅದರಲ್ಲೂ ಕಾವೇರಿ ನೀರು ಕುಡಿದುಕೊಂಡು.

ಆದರೆ ಅದೇ ವರ್ಷಗಳಲ್ಲಿ ಬೇರೆ ಕಡೆ ಏನಾಯ್ತು ನೋಡಿ. ಟಾಲೆಮಿಯ ಈಜಿಪ್ಟಿನಲ್ಲೂ ಆಗ ಒಂದು ಅಣೆಕಟ್ಟು ಏಳ್ತಿತ್ತು, ಆಸ್ವಾನಿನಲ್ಲಿ. ಅಬು ಸಿಂಬೆಲ್‌ನ ದೇವಾಲಯಗಳು ಮುಳುಗ್ತವೆ ಅಂತ ಗೊತ್ತಾದಾಗ ಯುನೆಸ್ಕೋ ಪ್ರಪಂಚಕ್ಕೆಲ್ಲ ಕರೆ ಕೊಟ್ಟಿತು. 1964ರಿಂದ 1968ರ ನಡುವೆ ಆ ಬೆಟ್ಟದಂಥ ದೇವಾಲಯವನ್ನು ತುಂಡು ತುಂಡಾಗಿ ಕೊಯ್ದು ಎತ್ತರದ ಜಾಗದಲ್ಲಿ ಮತ್ತೆ ಕೂರಿಸಿದರು. ನಮ್ಮ ಪಕ್ಕದ ಆಂಧ್ರದಲ್ಲಿ ನಾಗಾರ್ಜುನಕೊಂಡ ಮುಳುಗೋ ಮೊದಲು ವರ್ಷಗಟ್ಟಲೆ ಉತ್ಖನನ ನಡೀತು, ಅವಶೇಷಗಳನ್ನು ಮೇಲೆ ಸಾಗಿಸಿ ಮ್ಯೂಸಿಯಂ ಮಾಡಿದರು. ನಮ್ಮ ಕೆಆರ್‌ಎಸ್ ನೀರಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಈ ಶತಮಾನದಲ್ಲಿ ಕಲ್ಲು ಕಲ್ಲಾಗಿ ಹಿನ್ನೀರಿನ ದಡಕ್ಕೆ ಬಂತು. ಕಿತ್ತಿಪುರಕ್ಕೆ ಅಂಥ ಎತ್ತಂಗಡಿಯ ಭಾಗ್ಯ ಸಿಗಲಿಲ್ಲ. ಅದು ಕಣ್ಣಿಗೆ ಹೊಡೆಯೋ ದೊಡ್ಡ ಮೂರ್ತಿಗಳ ಊರಾಗಿರಲಿಲ್ಲ. ಅದರ ಬೆಲೆ ಇದ್ದದ್ದು ಮಣ್ಣಿನ ಪದರದಲ್ಲಿ. ಮಡಕೆ ಚೂರಿನಲ್ಲಿ, ಮಣಿಯಲ್ಲಿ, ಬಹುಶಃ ಒಂದು ಸವೆದ ನಾಣ್ಯದಲ್ಲಿ.

ಕಲ್ಲಿಗಿಂತ ಹೆಚ್ಚು ನೋವಿನದು ಜನರ ವಿಷಯ. ಈ ಸೀಮೆಯಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಲತಲಾಂತರದಿಂದ ಇದ್ದವರು. ಹೊಳೆ ದಡ ಅಣೆಕಟ್ಟಿಗೆ ಹೋಯ್ತು. ಅದೇ ಹೊತ್ತಿಗೆ, 1973ರಲ್ಲಿ, ಬಂಡೀಪುರ ಹುಲಿ ಯೋಜನೆಗೆ ಸೇರಿತು. ನಾಗರಹೊಳೆಯಲ್ಲೂ ಕಾಡಿನ ಕಾನೂನು ಬಿಗಿಯಾಯ್ತು. ನೀರು ಒಂದು ಕಡೆಯಿಂದ, ಕಾನೂನು ಇನ್ನೊಂದು ಕಡೆಯಿಂದ ಬಂದಾಗ ನಡುವೆ ಸಿಕ್ಕಿದವರು ಇವರು. ಜಮೀನಿನ ಪತ್ರ ಇದ್ದವರಿಗೆ ಪರಿಹಾರ ಕೇಳೋಕೆ ಒಂದು ಕಾಗದವಾದರೂ ಇತ್ತು. ಕಾಡೇ ಪತ್ರ ಅಂತ ಬದುಕಿದವರಿಗೆ ಅದೂ ಇರಲಿಲ್ಲ.

ಗಮನಿಸಿದ್ರಾ? ರವಿದತ್ತನ ಬಳಿ ತಾಮ್ರಪತ್ರ ಇತ್ತು, ಅದಕ್ಕೇ ಅವನ ಹೆಸರು ನಮಗೆ ಗೊತ್ತು. ಅವನ ಕಾಲದಲ್ಲೂ ಇದೇ ಕಾಡಿನಲ್ಲಿ ಜೇನು ಕಿತ್ತವರು, ಆನೆ ಹಿಡಿದವರು, ಹರಳು ಆಯ್ದವರು ಇದ್ದೇ ಇರ್ತಾರೆ. ಅವರ ಹೆಸರು ಯಾವ ಪತ್ರದಲ್ಲೂ ಇಲ್ಲ. ಇತಿಹಾಸ ಅಂದರೆ ಕಾಗದ ಇದ್ದವರ ಕತೆ ಮಾತ್ರ ಅಂತ ಆಗಿಬಿಟ್ಟರೆ ಅದು ಅರ್ಧ ಕತೆಯೇ.

ನಾವೇನು ಮಾಡಬಹುದು?

ಕನವಾತಿನಲ್ಲಿ ಕಲ್ಲಿದೆ, ಅದರ ಜೊತೆ ಬದುಕೋ ಜನ ಇದ್ದಾರೆ. ಕಿತ್ತಿಪುರದ ಕಲ್ಲು ನೀರಲ್ಲಿದೆ, ಜನ ಹತ್ತು ಕಡೆ ಇದ್ದಾರೆ. ಉಳಿದದ್ದು ಒಂದು ಗ್ರೀಕ್ ಪುಸ್ತಕದ ಸಾಲು, ಒಂದಷ್ಟು ತಾಮ್ರದ ಹಲಗೆ, ಗುಜರಾತಿನ ಕಡೆ ಬರೆದ ಎರಡು ಗ್ರಂಥ.

ನೀರನ್ನ ನಾವು ಖಾಲಿ ಮಾಡೋಕಾಗಲ್ಲ. ಆದರೆ ಇನ್ನೂ ಮುಳುಗದೇ ಇರೋದು ಬಹಳ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕೂ ಕಡೆ ಊರ ಮುಂದಿನ ಅರಳಿಕಟ್ಟೆ ಹತ್ತಿರ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲು, ಮಾಸ್ತಿಗಲ್ಲು ನಿಂತಿರೋದು ಮಾಮೂಲು. ಬಿ.ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೇ ಸಂಪುಟದಲ್ಲಿ ಹುಣಸೂರು, ಕೋಟೆ, ಯಡತೊರೆ ಸೀಮೆಯ ಶಾಸನಗಳನ್ನು ಊರು ಊರಿನ ಪ್ರಕಾರ ಅಚ್ಚು ಹಾಕಿಸಿದರು. ಯಡತೊರೆ ಅಂದರೆ ಈಗಿನ ಕೆ.ಆರ್. ನಗರದ ಸೀಮೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದರ ಪರಿಷ್ಕೃತ ಸಂಪುಟಗಳನ್ನು ತಂದಿತು. ಆ ಸಂಪುಟ ಹುಡುಕಿ, ನಿಮ್ಮ ಊರಿನ ಹೆಸರು ಇದೆಯಾ ನೋಡಿ. ಇದ್ದರೆ ಆ ಕಲ್ಲು ಈಗಲೂ ಅಲ್ಲೇ ಇದೆಯಾ ನೋಡಿ. ಬಟ್ಟೆ ಒಗೆಯೋ ಕಲ್ಲಾಗಿದೆಯೋ, ರಸ್ತೆ ಅಗಲ ಮಾಡುವಾಗ ಮಣ್ಣಿಗೆ ಸೇರಿದೆಯೋ. ಒಂದು ಫೋಟೋ ತೆಗೀರಿ, ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲಿನ ಮೇಲೆ ಬಣ್ಣ ಬಳಿಯೋದು, ಸೀಮೆಸುಣ್ಣ ತಿಕ್ಕೋದು, ನಿಧಿ ಆಸೆಗೆ ಬುಡ ಅಗೆಯೋದು ಮಾತ್ರ ಬೇಡವೇ ಬೇಡ. ಹಾಗೇ ಕಬಿನಿ ಹಿನ್ನೀರಿನಲ್ಲಿ ಕಿತ್ತಿಪುರ ಹುಡುಕ್ತೀನಿ ಅಂತ ಇಳಿಯೋಕೂ ಹೋಗಬೇಡಿ. ಕೆಸರಿದೆ, ಆನೆ ಇದೆ, ಅರಣ್ಯ ಇಲಾಖೆಯ ನಿರ್ಬಂಧ ಇದೆ.

ಕಲ್ಲಿಗಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಮನೆಯಲ್ಲಿ ಅಜ್ಜಿ ತಾತ ಇದ್ದರೆ, ಮುಳುಗಡೆ ಆಗಿ ಬಂದ ನೆರೆಮನೆಯವರಿದ್ದರೆ, ಹಾಡಿಯಲ್ಲಿ ಹಿರಿಯರಿದ್ದರೆ, ಕೂತು ಕೇಳಿ. ಹಳೇ ಊರಲ್ಲಿ ಮಾರಮ್ಮನ ಗುಡಿ ಯಾವ ಕಡೆ ಇತ್ತು, ಸಂತೆ ಎಲ್ಲಿ ಕೂಡ್ತಿತ್ತು, ಯಾವ ಗದ್ದೆಗೆ ಏನು ಹೆಸರು. 1974ರಲ್ಲಿ ಇಪ್ಪತ್ತು ವರ್ಷ ಇದ್ದವರಿಗೆ ಈಗ ಎಪ್ಪತ್ತು ದಾಟಿದೆ. ಕೈಯಲ್ಲಿರೋ ಇದೇ ಫೋನಲ್ಲಿ ರೆಕಾರ್ಡ್ ಮಾಡಿ, ಅವರ ಒಪ್ಪಿಗೆ ಕೇಳಿ ಇಟ್ಟುಕೊಳ್ಳಿ. ಅಲೆಕ್ಸಾಂಡ್ರಿಯಾದ ಆ ಮನುಷ್ಯ ಮಾಡಿದ್ದೂ ಇಷ್ಟೇ. ಊರು ನೋಡಿದವರನ್ನು ಕೇಳಿ ಬರೆದಿಟ್ಟ. ಅವನು ಆ ಸಾಲು ಬರೆಯದೇ ಹೋಗಿದ್ದರೆ ಇವತ್ತು ನಾವು ಇಷ್ಟು ಮಾತಾಡೋಕೆ ಕಾರಣವೇ ಇರ್ತಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮತ್ತೆ ಆ ಸುದ್ದಿ ಬರುತ್ತೆ. ಕಬಿನಿ ಭರ್ತಿ, 2284 ಅಡಿ. ಖುಷಿಪಡಿ. ಪಕ್ಕದಲ್ಲಿ ಕೂತವರಿಗೆ, "ಅದರ ಕೆಳಗೆ ಪುನ್ನಾಟ ಅಂತ ಒಂದು ರಾಜ್ಯದ ರಾಜಧಾನಿ ಇದೆ, ಗೊತ್ತಾ?" ಅಂತ ಒಂದು ಮಾತು ಹೇಳಿ.

ನಿಮ್ಮ ಊರಿನ ಕಲ್ಲಿನ ಕತೆ ಇದ್ದರೆ ನಮಗೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.